ಬಣ್ಣ ಬೇರೆ, ಗುಣ ಬೇರೆ: ಕಲಬುರಗಿ ಬಿಸಿಲಿನಲ್ಲಿ ಚರ್ಮವನ್ನು ಅರಿತು ಆರೈಕೆ ಮಾಡುವುದು ಹೇಗೆ

ನಮ್ಮ ಕಡೆ ಹೊಲದ ಬಣ್ಣ ನೋಡಿ ಅದರ ಗುಣ ಹೇಳಬಹುದು. ಕಪ್ಪಗಿದ್ದರೆ ಎರೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಕೆಂಪಗಿದ್ದರೆ ಮಸಾರಿ; ಸುರಿದ ಮಳೆ ಬೇಗ ಇಳಿದು ಹೋಗುತ್ತದೆ. ಚರ್ಮದ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೈಬಣ್ಣ ನೋಡಿ ಇದು ಒಣ ಚರ್ಮ, ಇದು ಜಿಡ್ಡಿನ ಚರ್ಮ ಎಂದು ಯಾರೂ ಹೇಳಲಾರರು. ನನ್ನ ಅವ್ವನದೂ ನನ್ನದೂ ಒಂದೇ ಬಣ್ಣ. ಆದರೆ ಚಳಿಗಾಲ ಬಂತೆಂದರೆ ಅವ್ವನ ಮೊಣಕಾಲ ಕೆಳಗೆ ಬೂದಿ ಬಳಿದಂತೆ ಕಾಣುತ್ತದೆ. ನನ್ನ ಮೂಗಿನ ಮೇಲೆ ಜನವರಿಯಲ್ಲೂ ಎಣ್ಣೆ ಜಿನುಗುತ್ತದೆ. ಇಬ್ಬರೂ ವರ್ಷಗಟ್ಟಲೆ ಒಂದೇ ಸೋಪು, ಒಂದೇ ಕ್ರೀಮು ಬಳಸಿದೆವು. ಅದು ಇಬ್ಬರಿಗೂ ಒಗ್ಗಲಿಲ್ಲ.

ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಚರ್ಮದ ಗುಣ ಯಾವುದೆಂದು ತಿಳಿದರೆ ಯಾವುದರಿಂದ ತೊಳೆಯಬೇಕು, ಏನು ಹಚ್ಚಬೇಕು ಎಂಬುದು ತೀರ್ಮಾನವಾಗುತ್ತದೆ. ಬಣ್ಣ ಯಾವ ವರ್ಗದ್ದೆಂದು ತಿಳಿದರೆ ಬಿಸಿಲು ಏನು ಮಾಡುತ್ತದೆ, ಮೊಡವೆ ಹೋದ ಮೇಲೆ ಎಂಥ ಕಲೆ ಉಳಿಯುತ್ತದೆ, ಯಾವುದನ್ನು ಮುಖದ ಹತ್ತಿರವೂ ತರಬಾರದು ಎಂಬುದು ಗೊತ್ತಾಗುತ್ತದೆ. ಬಣ್ಣವನ್ನು ತಿಳಿಯುವುದು ಅದನ್ನು ಬದಲಿಸುವುದಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಚರ್ಮದ ಮಾತು ಶುರುವಾದರೆ ನಾಲ್ಕನೇ ವಾಕ್ಯಕ್ಕೆ ‘ಬೆಳ್ಳಗಾಗುವುದು ಹೇಗೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಮೊದಲ ಹೆಜ್ಜೆ: ಒಂದು ಗಂಟೆ ಬರಿ ಮುಖ

ಚರ್ಮದ ಗುಣವನ್ನು ಕಂಡುಕೊಳ್ಳಲು ಖರ್ಚಿಲ್ಲ. ರಜೆಯ ದಿನ ಬೆಳಗ್ಗೆ, ಒಲೆಯ ಮುಂದೆ ಕೂರುವ ಮೊದಲು, ಬಿಸಿಲಿಗೆ ಹೋಗುವ ಮೊದಲು ಮಾಡಿ.

1. ಹದವಾದ ನೀರಿನಲ್ಲಿ, ಹೆಚ್ಚು ನೊರೆ ಬಾರದ ಮೃದುವಾದ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ. ತಿಕ್ಕಬೇಡಿ. ಟವೆಲ್‌ನಿಂದ ಒತ್ತಿ ಒರೆಸಿ.
2. ಒಂದು ಗಂಟೆ ಏನನ್ನೂ ಹಚ್ಚಬೇಡಿ. ಫ್ಯಾನಿನ ಕೆಳಗೆ ನೇರವಾಗಿ ಕೂರಬೇಡಿ. ಗಾಳಿ ಎಂಥ ಚರ್ಮವನ್ನೂ ಒಣಗಿಸುತ್ತದೆ.
3. ಗಂಟೆಯಾದ ಮೇಲೆ ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಗಲ್ಲ, ಕೆನ್ನೆಗಳ ಮೇಲೆ ಬೇರೆ ಬೇರೆಯಾಗಿ ಒತ್ತಿ, ಬೆಳಕಿಗೆ ಹಿಡಿದು ನೋಡಿ.

ನಾಲ್ಕೂ ಕಡೆ ಕಾಗದ ಪಾರದರ್ಶಕವಾಗಿದ್ದರೆ ಅದು ಜಿಡ್ಡಿನ ಚರ್ಮ. ಎಲ್ಲಿಯೂ ಗುರುತಿಲ್ಲ, ನಕ್ಕರೆ ಕೆನ್ನೆ ಬಿಗಿಯುತ್ತದೆ ಎಂದಾದರೆ ಒಣ ಚರ್ಮ. ಹಣೆ, ಮೂಗು, ಗಲ್ಲದಲ್ಲಿ ಮಾತ್ರ ಎಣ್ಣೆ ಇದ್ದು ಕೆನ್ನೆ ಒಣಗಿದ್ದರೆ ಮಿಶ್ರ ಚರ್ಮ. ಬಿಗಿತವೂ ಇಲ್ಲ, ಜಿಡ್ಡೂ ಇಲ್ಲ ಎಂದಾದರೆ ಸಹಜ ಚರ್ಮ. ಅಂಥವರು ಕಡಿಮೆ ವಸ್ತು ಬಳಸಿ ಸುಖವಾಗಿರಬಹುದು. ಐದನೆಯದು ಸೂಕ್ಷ್ಮ ಚರ್ಮ. ಇದನ್ನು ಕಾಗದ ಹೇಳುವುದಿಲ್ಲ. ಹೊಸದೇನು ಹಚ್ಚಿದರೂ ಉರಿ, ತುರಿಕೆ, ಚುಚ್ಚಿದಂತಾಗುವುದು ಅದರ ಲಕ್ಷಣ. ಜಿಡ್ಡಿನ ಚರ್ಮವೂ ಸೂಕ್ಷ್ಮವಾಗಿರಬಹುದು, ಒಣ ಚರ್ಮವೂ ಸೂಕ್ಷ್ಮವಾಗಿರಬಹುದು.

ಮೈಗೆ ಇನ್ನೊಂದು ಪರೀಕ್ಷೆ ಇದೆ. ನಾವೆಲ್ಲ ಚಿಕ್ಕಂದಿನಲ್ಲಿ ಆಟಕ್ಕೆ ಮಾಡಿದ್ದೇ. ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆಯಿರಿ. ಸೀಮೆಸುಣ್ಣದಲ್ಲಿ ಬರೆದಂತೆ ಬಿಳಿ ಗೆರೆ ಮೂಡಿ ಅಲ್ಲೇ ನಿಂತರೆ ಅಲ್ಲಿನ ಚರ್ಮಕ್ಕೆ ತೇವ ಸಾಲುತ್ತಿಲ್ಲ. ಕಂದು, ಕಪ್ಪು ಚರ್ಮದಲ್ಲಿ ಒಣಗುವಿಕೆ ಕೆಂಪಾಗಿ ಕಾಣುವುದಕ್ಕಿಂತ ಹೀಗೆ ಬೂದಿ ಬಣ್ಣದಲ್ಲಿಯೇ ಹೆಚ್ಚು ಕಾಣುತ್ತದೆ.

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ಮಾಡಿ, ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಜನವರಿಯಲ್ಲಿ. ಗುಣ ಜನ್ಮಕ್ಕಂಟಿದ್ದಲ್ಲ. ವಯಸ್ಸು, ಋತು, ಬಸಿರು, ಬಾಣಂತನ, ಕೆಲವು ಔಷಧಗಳು ಅದನ್ನು ಬದಲಿಸುತ್ತವೆ. ಮೇ ತಿಂಗಳ ಮಿಶ್ರ ಚರ್ಮ ಜನವರಿಯಲ್ಲಿ ಒಣ ಚರ್ಮವಾಗಬಹುದು, ಅದರಲ್ಲೂ ಬೀದರಿನಲ್ಲಿ. ಸಮುದ್ರಮಟ್ಟದಿಂದ 650 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಆ ಊರಿನ ಚಳಿ ಕಲಬುರಗಿ, ಯಾದಗಿರಿಯವರ ಅಂದಾಜಿಗೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಮುಖ ಎಣ್ಣೆಯಿಂದ ಹೊಳೆಯುತ್ತಿದ್ದರೂ ಒಳಗೆ ಬಿಗಿತ, ಉರಿ ಇದ್ದರೆ ಅತಿಯಾಗಿ ತೊಳೆಯುತ್ತಿದ್ದೀರಿ ಎಂದು ತಿಳಿಯಿರಿ. ದಿನಕ್ಕೆ ಐದು ಬಾರಿ ಸೋಪು ಹಾಕುವ ಹುಡುಗರಲ್ಲಿ ಇದು ಬಹಳ. ಎಣ್ಣೆ ಕಡಿಮೆಯಾಗದು, ಚರ್ಮದ ಕಾವಲುಪದರ ಮಾತ್ರ ಕಿತ್ತುಹೋಗುತ್ತದೆ.

ಎರಡನೇ ಹೆಜ್ಜೆ: ಬಣ್ಣವನ್ನು ಅರಿಯುವುದು

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ ಕೋಶಗಳು ತುಂಬಿ ಕಳಿಸುವ ಬಣ್ಣದ ಕಣಗಳಲ್ಲಿ. ಕಪ್ಪು ಚರ್ಮದಲ್ಲಿ ಅವು ದೊಡ್ಡವು, ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ, ಬೇಗ ಕರಗುವುದಿಲ್ಲ. ಚರ್ಮಕೋಶದ ನಡುಭಾಗದ ಮೇಲೆ ಕೊಡೆ ಹಿಡಿದಂತೆ ಕುಳಿತು ಬಿಸಿಲಿನ ಹಾನಿಯನ್ನು ತಡೆಯುತ್ತವೆ. ಇಷ್ಟು ಅಚ್ಚುಕಟ್ಟಾದ ಏರ್ಪಾಟನ್ನು ದೋಷವೆಂದು ಕರೆಯಲು ನಾವು ಎಲ್ಲಿ ಕಲಿತೆವೋ, ನನಗೆ ಅದು ನೋವಿನ ಸಂಗತಿ.

ಬಣ್ಣವನ್ನು ವೈದ್ಯರು ಅಳೆಯುವುದು ಕಣ್ಣಂದಾಜಿನಿಂದಲ್ಲ, ಬಿಸಿಲಿಗೆ ಚರ್ಮ ತೋರುವ ಸ್ಪಂದನೆಯಿಂದ. 1975ರಲ್ಲಿ ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಈ ವಿಂಗಡಣೆಯನ್ನು ರೂಪಿಸಿದರು. ಮೊದಲು ಅದರಲ್ಲಿ ಬಿಳಿ ಚರ್ಮದ ನಾಲ್ಕು ವರ್ಗಗಳಷ್ಟೇ ಇದ್ದವು. ಕಂದು ಮತ್ತು ಕಪ್ಪು ಚರ್ಮಕ್ಕೆ ಐದನೆಯದು, ಆರನೆಯದು ಆಮೇಲೆ ಸೇರಿದವು. ಬಿಸಿಲಿಗೆ ನಿಂತರೆ ಸದಾ ಸುಟ್ಟು ಕೆಂಪಾಗಿ, ಎಂದೂ ಕಪ್ಪಾಗದಿದ್ದರೆ ಒಂದನೇ ವರ್ಗ. ಎಂದೂ ಸುಡದೆ, ಸಲೀಸಾಗಿ ಗಾಢವಾಗಿ ಕಪ್ಪಾದರೆ ಆರನೆಯದು. ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ನಿಮ್ಮ ಸುತ್ತ ಕಾಣುವವರಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೇ ವರ್ಗದವರು.

ನಿಮ್ಮ ಸ್ವಂತ ಬಣ್ಣ ನೋಡಬೇಕಾದರೆ ಕನ್ನಡಿಯಲ್ಲಿ ಮುಖ ನೋಡಬೇಡಿ. ತೋಳನ್ನೆತ್ತಿ ಒಳತೋಳಿನ ಮೇಲ್ಭಾಗ ನೋಡಿ; ಅಲ್ಲಿ ಬಿಸಿಲು ಬೀಳುವುದಿಲ್ಲ. ಅದನ್ನು ಮುಂಗೈಯ ಹೊರಬದಿಗೆ ಹೋಲಿಸಿದರೆ ಕಾಣುವ ವ್ಯತ್ಯಾಸವೇ ಬಿಸಿಲಿನ ಪಾಲು. ಯಾವ ಆರೈಕೆಯಾದರೂ ಹೆಚ್ಚೆಂದರೆ ಆ ಒಳತೋಳಿನ ಬಣ್ಣದವರೆಗೆ ತರಬಹುದು. ಅದರಾಚೆಗೆ ‘ತರುತ್ತೇನೆ’ ಎನ್ನುವ ಕ್ರೀಮಿನಲ್ಲಿ ಏನೋ ಹಾನಿಕರವಾದದ್ದು ಇದೆ ಎಂದೇ ಅನುಮಾನಿಸಿ.

ನಾಲ್ಕರಿಂದ ಆರನೇ ವರ್ಗದ ಚರ್ಮಕ್ಕೆ ಒಂದು ಸ್ವಭಾವವಿದೆ: ಅದು ನೆನಪಿಟ್ಟುಕೊಳ್ಳುತ್ತದೆ. ಮೊಡವೆ ಚಿವುಟಿದ್ದು, ಸೊಳ್ಳೆ ಕಚ್ಚಿದ್ದು, ಥ್ರೆಡ್ಡಿಂಗ್‌ನಲ್ಲಿ ಕಿತ್ತದ್ದು, ರೊಟ್ಟಿ ಬಡಿಯುವಾಗ ಹಂಚು ತಾಗಿದ್ದು, ಎಲ್ಲವೂ ಕಪ್ಪು ಕಲೆಯಾಗಿ ಉಳಿಯುತ್ತದೆ. ಉರಿಯೂತವಾದಲ್ಲಿ ಬಣ್ಣದ ಕೋಶಗಳು ಕೆರಳಿ ಹೆಚ್ಚು ಮೆಲನಿನ್ ಸುರಿಯುತ್ತವೆ. ಹಾಗಾಗಿ ಉಳಿದವರಿಗೆ ‘ಸ್ವಲ್ಪ ಉರಿಯುತ್ತದೆ, ಸಹಿಸಿಕೊಳ್ಳಿ’ ಎಂಬ ಸಲಹೆ ನಡೆದೀತು, ನಮಗೆ ನಡೆಯದು. ಕಂದು ಚರ್ಮದ ಆರೈಕೆಯ ಮೊದಲ ನಿಯಮ ಕೆರಳಿಸದಿರುವುದು.

ಮೂರನೇ ಹೆಜ್ಜೆ: ಊರಿನ ನೀರು, ಬಿಸಿಲು, ಗಾಳಿ

ಮುಂಬೈಯಲ್ಲೋ ಮಂಗಳೂರಿನಲ್ಲೋ ಕುಳಿತು ಮಾಡಿದ ವೀಡಿಯೊ ನೋಡಿ ಸೇಡಂನಲ್ಲಿ ಆರೈಕೆ ಮಾಡಿಕೊಂಡರೆ ಅರ್ಧ ಕೆಲಸ ಕೆಡುತ್ತದೆ. ಕರಾವಳಿಯ ಗಾಳಿಯಲ್ಲಿ ತೇವವಿದೆ. ನಮ್ಮ ಬೇಸಿಗೆಯ ಗಾಳಿ ಒಗೆದ ಬಟ್ಟೆಯನ್ನು ಅರ್ಧ ಗಂಟೆಯಲ್ಲಿ ಗರಿಗರಿ ಮಾಡುತ್ತದೆ.

ಮೊದಲು ನೀರು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಇರುವುದು ಸುಣ್ಣದಕಲ್ಲು. ಫರಸಿಯೂ ಸಿಮೆಂಟೂ ಬರುವುದು ಅದರಿಂದಲೇ. ಅದರ ಮೂಲಕ ಬಂದ ಕೊಳವೆಬಾವಿ ನೀರು ಗಡಸು. ವಾಟರ್ ಹೀಟರಿನ ಕಾಯಿಲ್ ಎತ್ತಿ ನೋಡಿ, ಬಿಳಿ ಪೊರೆ ಕಟ್ಟಿರುತ್ತದೆ. ಬಕೆಟ್ಟಿನ ಅಂಚನ್ನು ಬೆರಳಿನಿಂದ ಸವರಿದರೆ ಒರಟು ತಾಗುತ್ತದೆ. ಆ ನೀರಿನಲ್ಲಿ ಸೋಪು ನೊರೆಯಾಗುವ ಬದಲು ಗಸಿಯಾಗಿ ಚರ್ಮದ ಮೇಲೆ ಕೂರುತ್ತದೆ. ಒಣ ಚರ್ಮದವರಿಗೂ, ಇಸಬಿನ ಮಕ್ಕಳಿಗೂ ಇದರಿಂದ ತುರಿಕೆ ಹೆಚ್ಚುತ್ತದೆ. ಪರಿಹಾರ ಕಷ್ಟವಲ್ಲ: ಸೋಪಿನ ಬದಲು ಸೋಪಿಲ್ಲದ ಫೇಸ್‌ವಾಶ್ ಅಥವಾ ಸಿಂಡೆಟ್ ಬಾರ್ (ಸೋಪಿನಂತೆಯೇ ಕಾಣುವ, ಸೋಪಿಲ್ಲದ ಬಾರ್) ಬಳಸಿ, ಏಕೆಂದರೆ ಅದು ಗಡಸು ನೀರಿನಲ್ಲೂ ಗಸಿಯಾಗುವುದಿಲ್ಲ. ಮುಖಕ್ಕೆ ಮಾತ್ರ ಕೊನೆಯ ಒಂದು ತಂಬಿಗೆ ಫಿಲ್ಟರ್ ನೀರು ಹಾಕಿ.

ಸೋಪೇ ಬೇಕೆನ್ನುವವರು ಹೊದಿಕೆಯ ಮೇಲೆ ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ, ಎಷ್ಟಿದೆ ಎಂದು ನೋಡಿ ಕೊಳ್ಳಿ. ಶೇ 76ಕ್ಕಿಂತ ಮೇಲಿದ್ದರೆ ಒಂದನೇ ದರ್ಜೆಯ ಸೋಪು. ಆದರೂ ಸೋಪು ಕ್ಷಾರವೇ. ಆಮ್ಲ, ಕ್ಷಾರದ ಅಳತೆಯಾದ ಪಿಎಚ್ ಅದರದ್ದು 9ರಿಂದ 10ರಷ್ಟು, ಚರ್ಮದ್ದು 5ರ ಆಸುಪಾಸು. ಕಂಕುಳು, ತೊಡೆಸಂದು, ಪಾದಕ್ಕೆ ಸೋಪು ಸಾಕು; ದಿನಾ ಮೈತುಂಬ ಬೇಡ.

ಇನ್ನು ಬಿಸಿಲು. ಮೇ 7ರಿಂದ 12ರ ನಡುವೆ ನಮ್ಮ ಮೂರೂ ಊರುಗಳಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ. ಆಗ ಗಡಿಯಾರದಲ್ಲಿ 12 ಅಲ್ಲ, ಸುಮಾರು 12:20. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ 1:30ರವರೆಗೆ ನಡೆಯುತ್ತವೆ. ಒಳ್ಳೆಯ ಏರ್ಪಾಟು. ಆದರೆ ಕೆಲಸ ಮುಗಿಸಿ ಎಲ್ಲರೂ ಸ್ಕೂಟರ್ ಹತ್ತುವುದು ಸೂರ್ಯ ನೆತ್ತಿಯಿಂದ ಸರಿದು ಒಂದೇ ಗಂಟೆ ಆಗಿರುವಾಗ. ಸುಲಭದ ಅಳತೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣ ಜೋರಾಗಿದೆ ಎಂದರ್ಥ. ಬಿಸಿಯನ್ನು ನೋಡಿ ಅಂದಾಜು ಮಾಡಬೇಡಿ. ಬೀದರಿನ ಡಿಸೆಂಬರ್ ಮಧ್ಯಾಹ್ನ ತಂಪಾಗಿದ್ದರೂ ಕಿರಣ ಇರುತ್ತದೆ.

ಗಾಳಿಯ ವಿಷಯದಲ್ಲಿ ಒಂದೇ ಹೆಸರು: ಪಾರ್ಥೇನಿಯಂ. ಜನರ ಬಾಯಲ್ಲಿ ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಈ ಕಳೆ ಈಗ ನಮ್ಮ ಹೊಲದ ಬದು, ರೈಲು ಹಳಿ, ಖಾಲಿ ನಿವೇಶನ ಎಲ್ಲೆಲ್ಲೂ ಇದೆ. ಅದರ ಪುಡಿ ಗಾಳಿಯಲ್ಲಿ ತೇಲಿ ಬಂದು ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಅಲರ್ಜಿ ಇದ್ದವರಿಗೆ ಅಲ್ಲಿ ತುರಿಸಿ, ದಪ್ಪಗಾಗಿ, ಕಪ್ಪಾಗುತ್ತದೆ. ಹೊಲಕ್ಕೆ ಹೋಗುವ ಹಿರಿಯರಲ್ಲಿ ಇದನ್ನು ‘ಬಿಸಿಲಿಗೆ ಕಪ್ಪಾಗಿದೆ’ ಎಂದು ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಹೆಚ್ಚಿ ಬೇರೆ ಊರಿಗೆ ಹೋದಾಗ ಕಡಿಮೆಯಾಗುತ್ತಿದ್ದರೆ ಈ ಕಳೆಯ ಮೇಲೆ ಅನುಮಾನ ಇಡಿ. ಬರಿಗೈಯಲ್ಲಿ ಕೀಳಬೇಡಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ.

ನಾಲ್ಕನೇ ಹೆಜ್ಜೆ: ಗುಣಕ್ಕೆ ತಕ್ಕ ದಿನಚರಿ

ಬೆಳಗ್ಗೆ ತೊಳೆಯುವುದು, ತೇವ ಕೊಡುವುದು, ಸನ್‌ಸ್ಕ್ರೀನ್ ಹಚ್ಚುವುದು. ರಾತ್ರಿ ತೊಳೆದು ತೇವ ಕೊಡುವುದು. ಅಷ್ಟೇ. ಹತ್ತು ಬಾಟಲಿ ಬೇಕಿಲ್ಲ.

ಒಣ ಚರ್ಮದವರು ಬೆಳಗ್ಗೆ ಬರಿ ನೀರಿನಿಂದ ತೊಳೆದರೂ ಸಾಕು. ಗ್ಲಿಸರಿನ್, ಸೆರಮೈಡ್ ಇರುವ ಗಟ್ಟಿ ಕ್ರೀಮನ್ನು ಸ್ನಾನವಾದ ಮೂರು ನಿಮಿಷದೊಳಗೆ, ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಒಳಗೆ ನೀರೇ ಇರುವುದಿಲ್ಲ. ಹಬೆಯಾಡುವ ನೀರು ಮೈಮೇಲೆ ಸುರಿದುಕೊಳ್ಳುವ ಅಭ್ಯಾಸ ಬಿಡುವುದು ಕಷ್ಟ. ಅವ್ವನನ್ನು ಒಪ್ಪಿಸಲು ನನಗೆ ಎರಡು ಚಳಿಗಾಲ ಹಿಡಿಯಿತು. ಕುದಿನೀರಿನ ಬದಲು ಉಗುರುಬೆಚ್ಚಗಿನ ನೀರು, ಆಮೇಲೆ ಹಸಿ ಮೈಗೆ ಕ್ರೀಮು. ಆ ಬೂದಿ ಬಣ್ಣ ಎರಡು ವಾರದಲ್ಲಿ ಹೋಯಿತು. ದುಡ್ಡು ಕಡಿಮೆ ಇದ್ದರೆ ಪೆಟ್ರೋಲಿಯಂ ಜೆಲ್ಲಿಯಷ್ಟು ಅಗ್ಗದ, ನಂಬಿಕಸ್ಥ ವಸ್ತು ಇನ್ನೊಂದಿಲ್ಲ. ಮೈಗೆ ನಮ್ಮ ಗಾಣದ ಕುಸುಬಿ ಎಣ್ಣೆಯೂ ಒಳ್ಳೆಯದು. ಚರ್ಮದ ಕಾವಲುಪದರಕ್ಕೆ ಬೇಕಾದ ಲಿನೋಲಿಕ್ ಆಮ್ಲ ಅದರಲ್ಲಿ ಹೇರಳ. ಬಿರಿದ ಹಿಮ್ಮಡಿಗೆ ಶೇ 10ರ ಯೂರಿಯಾ ಕ್ರೀಮು ಹಚ್ಚಿ ರಾತ್ರಿ ಕಾಲುಚೀಲ ಹಾಕಿಕೊಳ್ಳಿ.

ಜಿಡ್ಡಿನ ಚರ್ಮದವರು ದಿನಕ್ಕೆ ಎರಡು ಬಾರಿ ತೊಳೆಯಿರಿ, ಬೆವರಿ ಬಂದರೆ ಮೂರನೆಯ ಬಾರಿ ಬರಿ ನೀರು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿದು ಕೊಳೆ ಬಿಡಿಸುತ್ತದೆ. ವಾರಕ್ಕೆ ಎರಡು ಮೂರು ಬಾರಿಯಿಂದ ಶುರು ಮಾಡಿ. ಕೀವಿನ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5 ಸಾಕು; ಹೆಚ್ಚಿನದು ಕೆರಳಿಸುತ್ತದೆ, ಕೆರಳಿದರೆ ಕಲೆ. ಅದು ತಾಗಿದರೆ ಟವೆಲ್, ದಿಂಬಿನ ಗವಸು ಬಣ್ಣ ಕಳೆದುಕೊಳ್ಳುತ್ತವೆ, ಬಿಳಿಯದನ್ನೇ ಬಳಸಿ. ಜಿಡ್ಡಿದ್ದರೂ ತೇವ ಬೇಕು. ಎಣ್ಣೆಯಿಲ್ಲದ ಜೆಲ್ ರೂಪದ್ದನ್ನು ಆರಿಸಿ. ಹಣೆಯಂಚಿನಲ್ಲಿ ಮಾತ್ರ ಸಾಲಾಗಿ ಗುಳ್ಳೆಗಳಿದ್ದರೆ ಮುಖಕ್ಕಲ್ಲ, ತಲೆಗೆ ಹಚ್ಚುವ ಎಣ್ಣೆಗೆ ಮದ್ದು ಮಾಡಬೇಕು. ತಲೆಸ್ನಾನದ ಹಿಂದಿನ ಎರಡು ಗಂಟೆ ಎಣ್ಣೆ ಸಾಕು, ರಾತ್ರಿಯಿಡೀ ಬೇಡ.

ಮಿಶ್ರ ಚರ್ಮಕ್ಕೆ ಎರಡು ಕ್ರೀಮು ಬೇಕು ಎಂಬುದು ಮಾರುವವರ ಮಾತು. ಹಗುರವಾದ ಒಂದನ್ನೇ ಮುಖಕ್ಕೆಲ್ಲ ಹಚ್ಚಿ, ಕೆನ್ನೆಗೆ ಇನ್ನೊಂದು ಪದರ ಕೊಡಿ.

ಸೂಕ್ಷ್ಮ ಚರ್ಮದವರು ಸುವಾಸನೆ ಇಲ್ಲದ್ದನ್ನೇ ಕೊಳ್ಳಿ. ಯಾವುದೇ ಹೊಸ ವಸ್ತುವನ್ನು ಮೊಣಕೈ ಮಡಿಕೆಯಲ್ಲಿ ದಿನಕ್ಕೆರಡು ಬಾರಿ, ಒಂದು ವಾರ ಹಚ್ಚಿ ನೋಡಿ, ಆಮೇಲೆ ಮುಖ. ಎರಡು ಹೊಸ ವಸ್ತುಗಳನ್ನು ಒಟ್ಟಿಗೆ ಶುರು ಮಾಡಬೇಡಿ, ತೊಂದರೆ ಯಾವುದರಿಂದ ಬಂತೆಂದು ತಿಳಿಯದೆ ಹೋಗುತ್ತದೆ. ಫಲ ನೋಡಲು ಕನಿಷ್ಠ ಆರು ವಾರ ಕೊಡಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು.

ಐದನೇ ಹೆಜ್ಜೆ: ಬಿಸಿಲಿನಿಂದ ಮರೆ

ತೊಗರಿ ಹೊಲದಲ್ಲಿ, ಹತ್ತಿ ಬಿಡಿಸುವಲ್ಲಿ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಅದಕ್ಕಿಂತ ಒಳ್ಳೆಯ ಸನ್‌ಸ್ಕ್ರೀನ್ ನಾನು ಕಂಡಿಲ್ಲ. ಬೆವರಿಗೆ ಇಳಿಯುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕಿಲ್ಲ. ದಟ್ಟ ನೇಯ್ಗೆಯ, ಗಾಢ ಬಣ್ಣದ ಬಟ್ಟೆ ಕಿರಣವನ್ನು ಚೆನ್ನಾಗಿ ತಡೆಯುತ್ತದೆ. ದಿನವಿಡೀ ಬಿಸಿಲಿನಲ್ಲಿ ದುಡಿಯುವವರಿಗೆ ದುಬಾರಿ ಟ್ಯೂಬು ಕೊಳ್ಳಿ ಎಂದು ಹೇಳುವುದಕ್ಕಿಂತ ಅಗಲ ಅಂಚಿನ ಟೋಪಿ, ಅಂಗಿ, ಕೊಡೆ ಎಂದು ಹೇಳುವುದೇ ಪ್ರಾಮಾಣಿಕ.

ಉಳಿದವರಿಗೆ ಎಸ್‌ಪಿಎಫ್ 30 ಅಥವಾ 50. ಎಸ್‌ಪಿಎಫ್ 30 ಚರ್ಮವನ್ನು ಸುಡುವ ನೇರಳಾತೀತ ಕಿರಣವಾದ ಯುವಿಬಿಯ ಸುಮಾರು ಶೇ 97ನ್ನು, 50 ಸುಮಾರು ಶೇ 98ನ್ನು ತಡೆಯುತ್ತದೆ. ಅಂಕಿಯ ಹಿಂದೆ ಓಡುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎಳೆದ ಎರಡು ಗೆರೆಯಷ್ಟು ಮುಖಕ್ಕೂ ಕತ್ತಿಗೂ ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಅಂಕಿ ಪೆಟ್ಟಿಗೆಯ ಮೇಲೆಯೇ ಉಳಿಯುತ್ತದೆ. ಚರ್ಮದ ಇನ್ನೂ ಆಳಕ್ಕೆ ಇಳಿಯುವ ನೇರಳಾತೀತ ಕಿರಣ ಯುವಿಎ; ಅದರ ತಡೆಗೆ ಟ್ಯೂಬಿನ ಮೇಲಿನ ಪಿಎ ಪಕ್ಕದ ಪ್ಲಸ್ ಗುರುತುಗಳನ್ನು ಎಣಿಸಿ. ಮೂರು ನಾಲ್ಕು ಇರಲಿ. ಕಾರಿನ ಪಕ್ಕದ ಕಿಟಕಿ, ಕಚೇರಿಯ ಕಿಟಕಿ ಗಾಜು ಯುವಿಬಿಯನ್ನು ಬಹುಪಾಲು ತಡೆದರೂ ಯುವಿಎಯನ್ನು ಒಳಗೆ ಬಿಡುತ್ತದೆ.

ಕಂದು ಚರ್ಮಕ್ಕೆ ಇನ್ನೊಂದು ಮಾತು. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಬಣ್ಣದ ಕೋಶಗಳನ್ನು ಕೆರಳಿಸುತ್ತದೆ, ಬಂಗು ಇದ್ದವರಿಗಂತೂ ಹೆಚ್ಚು. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಛಾಯೆಯುಳ್ಳ ಸನ್‌ಸ್ಕ್ರೀನ್ ತಡೆಯುತ್ತದೆ. ಜಿಂಕ್ ಆಕ್ಸೈಡ್ ಹಚ್ಚಿದಾಗ ವಿಭೂತಿ ಬಳಿದಂತೆ ಕಾಣುವ ತೊಂದರೆಯೂ ಇದರಿಂದ ತಪ್ಪುತ್ತದೆ. ಛಾಯೆ ಆರಿಸುವಾಗ ಮುಂಗೈಗೆ ಹಚ್ಚಿ ನೋಡಬೇಡಿ. ದವಡೆಯ ಅಂಚಿಗೆ ಹಚ್ಚಿ, ಅಂಗಡಿಯ ದೀಪದಡಿಯಿಂದ ಹೊರಬಂದು ಹಗಲಿನ ಬೆಳಕಿನಲ್ಲಿ ನೋಡಿ. ಕಾಣದಂತೆ ಬೆರೆತದ್ದೇ ನಿಮ್ಮ ಛಾಯೆ.

ಆರನೇ ಹೆಜ್ಜೆ: ಕಲೆ, ಬಂಗು

ಮೊಡವೆಯ ಕಪ್ಪು ಕಲೆ ಬಿಸಿಲಿನಿಂದ ಕಾಪಾಡಿದರೆ ತಾನಾಗಿಯೇ ತಿಳಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. ಬೇಗ ಆಗಲೆಂದರೆ ಶೇ 4–5ರ ನಯಾಸಿನಮೈಡ್, ಇಲ್ಲವೇ ಅಜೆಲಾಯಿಕ್ ಆಮ್ಲ. ಅಜೆಲಾಯಿಕ್ ಆಮ್ಲವನ್ನು ಬಸುರಿಯರಿಗೂ ವೈದ್ಯರು ಬರೆಯುತ್ತಾರೆ. ವಿಟಮಿನ್ ಎ ಮೂಲದ ರೆಟಿನಾಯಿಡ್ ಗುಂಪಿನ ಯಾವುದೂ ಬಸಿರಿನಲ್ಲಿ ಬೇಡ.

ಬಂಗು ಬೇರೆ. ಕೆನ್ನೆಯ ಮೇಲೆ, ಮೇಲ್ದುಟಿಯ ಮೇಲೆ ಎರಡೂ ಬದಿಗೆ ಸಮನಾಗಿ ಹರಡುವ ಕಂದು ಮಚ್ಚೆ ಅದು. ಬಸಿರು, ಗರ್ಭನಿರೋಧಕ ಮಾತ್ರೆ, ಬಿಸಿಲು, ವಂಶ, ಇವೆಲ್ಲ ಸೇರಿ ಬರುತ್ತದೆ. ಒಲೆಯ ಝಳವೂ ಅದನ್ನು ಹೆಚ್ಚಿಸುತ್ತದೆ. ದಿನಕ್ಕೆ ನೂರಾರು ರೊಟ್ಟಿ ಸುಡುವ ಕೇಂದ್ರಗಳ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಹಂಚಿನಿಂದ ಮುಖ ದೂರವಿರುವಂತೆ ಕೂರುವುದು, ಹೊಗೆ ಝಳ ಹೊರಹೋಗುವಂತೆ ಫ್ಯಾನ್ ಹಾಕಿಸುವುದು ಕ್ರೀಮಿನಷ್ಟೇ ಮುಖ್ಯ. ಬಂಗಿಗೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಿ.

ಮುಖಕ್ಕೆ ತಾಗಿಸಬಾರದ್ದು

ನನ್ನ ಚಿಗವ್ವನ ಮಗಳು ಮದುವೆಗೆ ಎರಡು ತಿಂಗಳಿರುವಾಗ ಔಷಧದಂಗಡಿಯಲ್ಲಿ ‘ಬೆಳ್ಳಗಾಗಲು’ ಒಂದು ಟ್ಯೂಬು ಕೇಳಿದಳು. ಚೀಟಿ ಕೇಳದೆ ಕೊಟ್ಟರು. ಹತ್ತು ದಿನದಲ್ಲಿ ಮುಖ ನಿಜಕ್ಕೂ ತಿಳಿಯಾಯಿತು, ನುಣುಪಾಯಿತು, ಮನೆಯವರೆಲ್ಲ ಮೆಚ್ಚಿದರು. ಮದುವೆಯಾದ ಮೇಲೆ ಬಿಟ್ಟಳು. ಬಿಟ್ಟ ವಾರದಲ್ಲಿ ಮುಖವೆಲ್ಲ ಉರಿ, ಸಣ್ಣ ಗುಳ್ಳೆ, ಕೆನ್ನೆಯ ಮೇಲೆ ಎಳೆ ಎಳೆಯಾಗಿ ರಕ್ತನಾಳ. ಮತ್ತೆ ಹಚ್ಚಿದರೆ ಶಮನ, ಬಿಟ್ಟರೆ ಉರಿ. ಅದರಿಂದ ಹೊರಬರಲು ಅವಳಿಗೆ ವರ್ಷ ಹಿಡಿಯಿತು, ಬಂಗು ಇಂದಿಗೂ ಇದೆ.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರರ ಮಿಶ್ರಣ. ವೈದ್ಯರು ಬಂಗಿಗೆಂದು ಕೆಲವು ವಾರ ಮಾತ್ರ, ಕಣ್ಣಿಟ್ಟು ಕೊಡುವ ಔಷಧ ಅದು. ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿತು. ಆದರೂ ಕೊಳ್ಳುವವರು ನಾವೇ ಓದಬೇಕು. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲುಸಿನೊಲೋನ್ ಎಂಬ ಹೆಸರು ಕಂಡರೆ ಅಲ್ಲಿಯೇ ಇಟ್ಟು ಬನ್ನಿ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಒಮ್ಮೆಗೇ ನಿಲ್ಲಿಸದೆ ಚರ್ಮವೈದ್ಯರ ಬಳಿ ಹೋಗಿ. ಇಳಿಸುವ ಕ್ರಮವನ್ನು ಅವರು ಹೇಳುತ್ತಾರೆ.

ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿಯ ಕ್ರೀಮುಗಳೂ ಬೇಡ. ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಸಿಕ್ಕ ಉದಾಹರಣೆಗಳು ಜಗತ್ತಿನ ಹಲವೆಡೆ ಇವೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ.

ಅಡುಗೆಮನೆಯ ವಸ್ತುಗಳ ಬಗ್ಗೆ ಚುಟುಕಾಗಿ. ಲಿಂಬೆರಸ ಬೇಡವೇ ಬೇಡ. ಅದು ತಾಗಿದಲ್ಲಿ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಕಪ್ಪಾಗುತ್ತದೆ. ಅಡುಗೆ ಸೋಡಾ ಕ್ಷಾರ, ಬೇಡ. ಸಕ್ಕರೆಯಿಂದ ತಿಕ್ಕುವುದು ಕೆರಳಿಸುತ್ತದೆ. ಕಡಲೆಹಿಟ್ಟು ಜಿಡ್ಡಿನ ಚರ್ಮಕ್ಕೆ ಆಗಾಗ ನಡೆಯುತ್ತದೆ, ಒಣ ಚರ್ಮಕ್ಕೆ ಇಲ್ಲ. ಮುಲ್ತಾನಿ ಮಿಟ್ಟಿಯೂ ಹಾಗೆಯೇ, ಒಣಗಿ ಬಿರಿಯುವ ಮುನ್ನವೇ ತೊಳೆಯಬೇಕು. ಕೂಸನ್ನು ಬೆಳ್ಳಗೆ ಮಾಡಲೆಂದು ಹಿಟ್ಟು ಹಾಕಿ ತಿಕ್ಕುವುದನ್ನು ದಯವಿಟ್ಟು ನಿಲ್ಲಿಸಿ. ಎಣ್ಣೆ ಹಚ್ಚಿ ಮೆಲ್ಲಗೆ ಎರೆಯಿರಿ, ಸಾಕು.

ಆರೈಕೆಯ ಕೈಗೆ ಸಿಗದ ಗುರುತುಗಳು

ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗಿದ್ದರೆ ಅದು ಕೊಳೆಯಲ್ಲ. ಮಕ್ಕಳನ್ನು ‘ಸರಿಯಾಗಿ ತಿಕ್ಕಿ ಸ್ನಾನ ಮಾಡುವುದಿಲ್ಲ’ ಎಂದು ಬೈಯುವ ತಾಯಂದಿರನ್ನು ನೋಡಿದ್ದೇನೆ. ಬಹಳ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ತಿಕ್ಕಿದರೆ ಇನ್ನಷ್ಟು ಕಪ್ಪಾಗುತ್ತದೆ.

ತಿಳಿ ಮಚ್ಚೆ ಎಂದ ಕೂಡಲೇ ತೊನ್ನು ಎಂದು ಹೆದರಬೇಡಿ. ಎದೆ, ಬೆನ್ನಿನ ಮೇಲೆ ಹೊಟ್ಟಿನಂತೆ ಉದುರುವ ಮಚ್ಚೆಗಳು ಬೆವರಿನ ಕಾಲದಲ್ಲಿ ಹೆಚ್ಚುವ ಚಿಬ್ಬು. ಶಿಲೀಂಧ್ರದಿಂದ ಬರುತ್ತದೆ, ವಾಸಿಯಾಗುತ್ತದೆ. ಮಚ್ಚೆ ಹತ್ತಿಯ ಎಳೆಯ ಸ್ಪರ್ಶಕ್ಕೆ, ಬಿಸಿ ತಣ್ಣನೆಗೆ ತಿಳಿಯದಂತೆ ಜೋಮುಗಟ್ಟಿದ್ದರೆ ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕುಷ್ಠವಾಗಿರಬಹುದು, ಔಷಧ ಸರ್ಕಾರದಿಂದ ಉಚಿತ, ಬೇಗ ಶುರುಮಾಡಿದರೆ ಪೂರ್ತಿ ಗುಣವಾಗುತ್ತದೆ. ಹಣೆಯಲ್ಲಿ ಬಿಂದಿ ಅಂಟಿಸುವ ಜಾಗದಲ್ಲೇ ಬಿಳಿಯಾದರೆ ಅದರ ಅಂಟಿನಲ್ಲಿರುವ ರಾಸಾಯನಿಕ ಕಾರಣವಾಗಿರಬಹುದು, ಕೂಡಲೇ ಬಿಡಿ. ಉಂಗುರದಂತೆ ಹರಡುವ ಹುಳುಕಡ್ಡಿಗೆ ಅಂಗಡಿಯವರು ಕೊಡುವ ಮಿಶ್ರಣದ ಕ್ರೀಮಿನಲ್ಲೂ ಹಲವು ಬಾರಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಅಡಗಿ ರೋಗ ಒಳಗೊಳಗೇ ಹರಡುತ್ತದೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು; ಹೊರರೋಗಿ ವಿಭಾಗದಲ್ಲಿ ಚರ್ಮರೋಗದ ವೈದ್ಯರನ್ನು ಕೇಳಿ. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ, ಖಾಲಿಯಾದದ್ದನ್ನೂ. ಮಚ್ಚೆ ಶುರುವಾದಾಗಿನ ಫೋಟೊ ಮೊಬೈಲಿನಲ್ಲಿದ್ದರೆ ತೆಗೆದಿಟ್ಟುಕೊಳ್ಳಿ. ಆ ದಿನ ಬೆಳಗ್ಗೆ ಮುಖಕ್ಕೆ ಪೌಡರ್, ಕ್ರೀಮು ಏನನ್ನೂ ಹಚ್ಚದೆ, ಬರಿ ನೀರಿನಿಂದ ತೊಳೆದುಕೊಂಡು ಹೋಗಿ.